ಚಿಪ್ ಮೇಲೆ ಲಿವರ್ ಬೆಳೆಸ್ತಾರಂತೆ. ಯಾರ ಲಿವರ್ ಅದು?

ಹರಿಹರದ ಹುಡುಗ · ಶನಿವಾರ ರಾತ್ರಿ 9:05
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಅಪ್ಪನಿಗೆ ಟೀಬಿ ಬಂತು. ಆರು ತಿಂಗಳ ಮಾತ್ರೆ ಬರೆದುಕೊಟ್ಟರು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಹೆದರಿಕೊಂಡೆವು. ಅದು ಮಾಮೂಲು ಅಂದರು. ನಾಲ್ಕನೇ ವಾರ ಊಟ ಸೇರದೆ ಹೋಯಿತು, ವಾಂತಿ ಶುರುವಾಯಿತು, ಆಮೇಲೆ ಕಣ್ಣು ಹಳದಿ. ಅಮ್ಮ ಕಾಮಾಲೆ ಅಂತ ನೆಲನೆಲ್ಲಿ ಹುಡುಕೋಕೆ ಹೊರಟರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಎಲ್ಲ ಮಾತ್ರೆ ನಿಲ್ಲಿಸಿದರು. ಲಿವರ್ ಸುಧಾರಿಸಿದ ಮೇಲೆ ಒಂದೊಂದೇ ಮಾತ್ರೆ ಮತ್ತೆ ಕೊಟ್ಟು, ಯಾವುದಕ್ಕೆ ಎಡವಟ್ಟಾಗುತ್ತೆ ಅಂತ ನೋಡಿದರು. ಅಂದರೆ ಪರೀಕ್ಷೆ ನಡೆದದ್ದು ಅಪ್ಪನ ಮೇಲೇ. ಈಗ ಆರಾಮಾಗಿದ್ದಾರೆ.

ಮೊನ್ನೆ ಹಬ್ಬಕ್ಕೆ ಚಿಕ್ಕಪ್ಪನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಲ್ಯಾಬಲ್ಲಿ ಕೆಲಸ. "ನಾವು ಚಿಪ್ ಮೇಲೆ ಮನುಷ್ಯರ ಲಿವರ್ ಬೆಳೆಸಿ ಅದಕ್ಕೆ ಔಷಧಿ ಕೊಟ್ಟು ನೋಡ್ತೀವಿ" ಅಂದಳು. ಅಜ್ಜಿ ರೊಟ್ಟಿ ತಟ್ಟುತ್ತಾ ಒಂದೇ ಮಾತು ಕೇಳಿದರು. "ಯಾರ ಲಿವರೇ ಅದು?" ಅವಳು ನಕ್ಕು ಮಾತು ತೇಲಿಸಿದಳು.

ನನ್ನ ಪ್ರಶ್ನೆ ಎರಡು. ಒಂದು ಅಜ್ಜಿದು. ಇನ್ನೊಂದು ನಂದು: ಅಪ್ಪನ ಲಿವರನ್ನೇ ಮೊದಲು ಚಿಪ್ ಮೇಲೆ ಬೆಳೆಸಿ, ಆ ಮಾತ್ರೆಗಳನ್ನ ಅದಕ್ಕೆ ಕೊಟ್ಟು ನೋಡೋಕೆ ಆಗ್ತಿರಲಿಲ್ವಾ?

ಬಿಸಿಲೂರ ಬಸ್ಯಾ · 9:11
ಚಿಪ್ ಅಂದರೆ ಸಿಮ್ ಕಾರ್ಡ್ ತರಾನಾ? ಅದನ್ನ ಮೈಯೊಳಗೆ ಹಾಕ್ತಾರಾ?

ಎಂ.ಫಾರ್ಮ ಮಂಜ · 9:14
ಇಲ್ಲ ಗುರು. ಯಾರ ಮೈಯೊಳಗೂ ಹಾಕೋದಿಲ್ಲ. ಅದರಲ್ಲಿ ಕರೆಂಟೂ ಇಲ್ಲ, ಪ್ರೋಗ್ರಾಮೂ ಇಲ್ಲ. ಕಂಪ್ಯೂಟರ್ ಚಿಪ್ಪಿನ ಮೇಲೆ ಸಣ್ಣ ಗೆರೆ ಕೊರೆಯೋ ವಿದ್ಯೆಯನ್ನೇ ಬಳಸಿ ಇದರ ಅಚ್ಚು ಮಾಡ್ತಿದ್ದರು, ಅದಕ್ಕೆ ಆ ಹೆಸರು ಅಂಟಿಕೊಂಡಿತು. 2010ರಲ್ಲಿ ಹಾರ್ವರ್ಡಿನ ವೀಸ್ ಇನ್‌ಸ್ಟಿಟ್ಯೂಟಿನ ಡಾನ್ ಹ್ಯೂ, ಡೊನಾಲ್ಡ್ ಇಂಗ್‌ಬರ್ ಅವರು ಶ್ವಾಸಕೋಶದ ಚಿಪ್ ತೋರಿಸಿದರು. ಅದರ ಎರಡೂ ಪಕ್ಕದಲ್ಲಿ ಗಾಳಿ ಎಳೆಯೋ ಕೋಣೆ. ಎಳೆದಾಗ ನಡುವಿನ ಪೊರೆ ಹಿಗ್ಗುತ್ತೆ, ಬಿಟ್ಟಾಗ ಕುಗ್ಗುತ್ತೆ. ಥೇಟ್ ಉಸಿರಾಟ. ಎಲ್ಲರ ಕಣ್ಣು ಈ ಕಡೆ ಬಿದ್ದದ್ದು ಆವಾಗಲೇ.

ಪಿಪೆಟ್ ರಾಣಿ · 9:40
ನಾನು ಇದೇ ಕೆಲಸದವಳು. ಎಲ್ಲಿ ಅಂತ ಕೇಳಬೇಡಿ.

ಅಜ್ಜಿ ಪ್ರಶ್ನೆ ಮೊದಲು. ನಮ್ಮಲ್ಲಿಗೆ ಬರೋ ಲಿವರ್ ಕೋಶಗಳು ಹೆಚ್ಚಾಗಿ ತೀರಿಕೊಂಡವರು ದಾನ ಮಾಡಿದ ಲಿವರ್‌ನವು. ಕಸಿಗೆ ಒಪ್ಪದ ಲಿವರ್ ಇರುತ್ತವಲ್ಲ, ಕೊಬ್ಬು ಜಾಸ್ತಿ ಇರೋದು, ಹೊತ್ತು ಮೀರಿದ್ದು, ಅಂಥವು. ಸಂಶೋಧನೆಗೆ ಬಳಸಲು ಒಪ್ಪಿಗೆ ಇದ್ದರೆ ಕೋಶಗಳನ್ನು ಬಿಡಿಸಿ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇಡುತ್ತಾರೆ. ಒಬ್ಬರ ಲಿವರ್ ಅಂದರೆ ಒಂದು ಲಾಟ್. ಲಾಟ್ ಜೊತೆ ಒಂದು ಕಾಗದ ಬರುತ್ತೆ. ಹೆಸರು ಇರೋದಿಲ್ಲ. ವಯಸ್ಸು, ಗಂಡೋ ಹೆಣ್ಣೋ, ತೂಕ, ಸಿಗರೇಟು, ಕುಡಿತ, ಸಾವಿಗೆ ಕಾರಣ. ನನ್ನ ಕೈಗೆ ಬಂದ ಮೊದಲ ಲಾಟ್ 19 ವರ್ಷದ ಹುಡುಗನದು. ರಸ್ತೆ ಅಪಘಾತ. ಆ ಕಾಗದ ಓದಿದ ಮೇಲೆ ಸೀಸೆ ಮುಟ್ಟೋಕೆ ಸ್ವಲ್ಪ ಹೊತ್ತು ಬೇಕಾಯಿತು.

ಸೀಸೆಯನ್ನು 37 ಡಿಗ್ರಿ ನೀರಲ್ಲಿ ಅದ್ದಿ ಹಿಡೀಬೇಕು. ಒಳಗಿನ ಐಸ್ ಕರಗುತ್ತಾ ಬಂದು ಕಡಲೆಕಾಳಿನಷ್ಟು ಉಳಿದಾಗ ತೆಗೀಬೇಕು. ತಡ ಮಾಡಿದರೆ ಕೋಶ ಸಾಯುತ್ತವೆ. ಆಮೇಲೆ ಚಿಪ್. ಪೆನ್ ಡ್ರೈವ್ ಗಾತ್ರದ್ದು, ಪಾರದರ್ಶಕ ಸಿಲಿಕೋನ್ ರಬ್ಬರ್. ಒಳಗೆ ಎರಡು ಕಾಲುವೆ, ಮೇಲೊಂದು ಕೆಳಗೊಂದು, ನಡುವೆ ತೂತು ತೂತಿನ ಪೊರೆ. ಮೇಲೆ ಲಿವರ್ ಕೋಶ. ಕೆಳಗೆ ರಕ್ತನಾಳದ ಒಳಮೈ ಕೋಶ. ರಕ್ತದ ಬದಲು ಪೋಷಕ ದ್ರವ ಸಣ್ಣಗೆ ಹರೀತಾ ಇರುತ್ತೆ. ಕೆಲವು ದಿನ ಬಿಟ್ಟು ಮೈಕ್ರೋಸ್ಕೋಪಲ್ಲಿ ನೋಡಿದರೆ ಕಲ್ಲು ಹಾಸಿದ ಅಂಗಳದ ಹಾಗೆ ಕೋಶಗಳು ಒತ್ತಿಕೊಂಡು ಕೂತಿರುತ್ತವೆ. ಸಂದಿನಲ್ಲಿ ಹೊಳೆಯೋ ಗೆರೆಗಳು. ಅವು ಪಿತ್ತ ಹರಿಯೋ ದಾರಿ. ಲಿವರ್ ಮಾಡೋ ಹಾಗೇ ಆಲ್ಬುಮಿನ್ ಅನ್ನೋ ರಕ್ತದ ಪ್ರೋಟೀನ್ ಮಾಡುತ್ತವೆ, ಯೂರಿಯಾ ಮಾಡುತ್ತವೆ. ಹೊಟ್ಟೆ ಇಲ್ಲ, ಊಟ ಇಲ್ಲ, ಆದರೂ ತಮ್ಮ ಕೆಲಸ ತಾವು ಬಿಟ್ಟಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಒಂದು ಗಾಳಿಗುಳ್ಳೆ ಕಾಲುವೆಗೆ ನುಗ್ಗಿದರೆ ಮುಗೀತು, ಕೋಶ ಎಲ್ಲ ಕಿತ್ತುಕೊಂಡು ಹೋಗುತ್ತವೆ. ಹೋದ ತಿಂಗಳು ಒಂದೇ ರಾತ್ರಿ 12 ಚಿಪ್ ಹೀಗೇ ಹೋದವು. ಯಾರ ತಪ್ಪು ಅಂತ ಮೀಟಿಂಗ್ ಇನ್ನೂ ನಡೀತಾ ಇದೆ.

ಬಿಸಿಲೂರ ಬಸ್ಯಾ · 9:44
ಡ್ರಿಪ್ ಇರಿಗೇಷನ್ ಪೈಪಲ್ಲೂ ಇದೇ ಗೋಳು ಅಕ್ಕ. ಗಾಳಿ ಹಿಡಿದರೆ ನೀರು ಬರಲ್ಲ.

ಕರುಣೆ ಇರಲಿ · 9:52
ಒಳ್ಳೆ ಸುದ್ದಿ. ಇನ್ನು ಮುಂದೆ ಇಲಿ, ಮೊಲ, ನಾಯಿ, ಮಂಗಗಳನ್ನ ಹಿಂಸೆ ಮಾಡೋ ಅಗತ್ಯವೇ ಇಲ್ಲ. ಅಮೆರಿಕದಲ್ಲಿ ಪ್ರಾಣಿ ಪರೀಕ್ಷೆ ಬ್ಯಾನ್ ಆಗಿದೆ. ನಮ್ಮಲ್ಲೂ ಆಗಿದೆ.

ಕಾನೂನು ಕಿಟ್ಟಿ · 10:03
ಬ್ಯಾನ್ ಆಗಿಲ್ಲ. ವಾಟ್ಸಾಪಲ್ಲಿ ಬಂದದ್ದನ್ನೆಲ್ಲ ಇಲ್ಲಿ ತಂದು ಸುರೀಬೇಡಿ.

ಅಮೆರಿಕದಲ್ಲಿ 1938ರ ಕಾನೂನಿನಡಿ ಹೊಸ ಔಷಧಿಗೆ ಪ್ರಾಣಿ ಪರೀಕ್ಷೆ ಬೇಕೇ ಬೇಕಿತ್ತು. 2022ರ ಡಿಸೆಂಬರಲ್ಲಿ ಅದಕ್ಕೆ ತಿದ್ದುಪಡಿ ತಂದು, ಚಿಪ್ಪು, ಜೀವಕೋಶ, ಕಂಪ್ಯೂಟರ್ ಮಾದರಿ ಇವುಗಳ ಫಲಿತಾಂಶ ತಂದರೂ ನಡೆಯುತ್ತೆ ಅಂದರು. 'ಮಾಡಲೇಬೇಕು' ಅನ್ನೋದು ಹೋಯಿತು ಅಷ್ಟೇ. 'ಮಾಡಬಾರದು' ಅಂತ ಯಾರೂ ಹೇಳಿಲ್ಲ. 2025ರ ಏಪ್ರಿಲಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇನ್ನೊಂದು ಹೆಜ್ಜೆ ಹೋಗಿ, ಮಾನೋಕ್ಲೋನಲ್ ಆಂಟಿಬಾಡಿ (ಲ್ಯಾಬಲ್ಲಿ ತಯಾರಿಸೋ ಪ್ರತಿಕಾಯ) ಥರದ ಔಷಧಿಗಳಿಂದ ಶುರು ಮಾಡಿ ಪ್ರಾಣಿ ಪರೀಕ್ಷೆಯನ್ನ ಹಂತಹಂತವಾಗಿ ಕಡಿಮೆ ಮಾಡ್ತೀವಿ ಅಂತ ಯೋಜನೆ ಪ್ರಕಟಿಸಿತು.

ನಮ್ಮ ದೇಶದಲ್ಲಿ 2019ರ ಹೊಸ ಔಷಧ ನಿಯಮಗಳಿಗೆ 2023ರ ಮಾರ್ಚಲ್ಲಿ ತಿದ್ದುಪಡಿ ಆಯಿತು. ಅಲ್ಲೂ ಅಷ್ಟೇ, ಬಾಗಿಲು ತೆರೆದರು. ಪೂರ್ತಿ ನಿಷೇಧ ಇರೋದು ಸೋಪು, ಕ್ರೀಮು ಥರದ ಸೌಂದರ್ಯ ಸಾಮಗ್ರಿಗೆ. ಅದು 2014ರಲ್ಲಿ.

ಕರುಣೆ ಇರಲಿ · 10:06
ಸರಿ, ತಿದ್ದಿಕೊಂಡೆ. ಆದರೂ ದಿಕ್ಕು ಅದೇ ಅಲ್ವಾ?

ಎಂ.ಫಾರ್ಮ ಮಂಜ · 10:15
ಕರುಣೆಯವರೇ, ಬೇಜಾರಾಗಬೇಡಿ, ಇನ್ನೊಂದು ಕಹಿ ಹೇಳ್ತೀನಿ. ಕೋಶಗಳಿಗೆ ಹಾಕೋ ಪೋಷಕ ದ್ರವದಲ್ಲಿ ಎಷ್ಟೋ ಕಡೆ ಕರುವಿನ ಸೀರಮ್ ಇರುತ್ತೆ. ಕಸಾಯಿಖಾನೆಗೆ ಬಂದ ಗಬ್ಬದ ಹಸುವಿನ ಹೊಟ್ಟೆಯೊಳಗಿನ ಕರುವಿನ ರಕ್ತದಿಂದ ತೆಗೆದದ್ದು. ಕೋಶ ಅಂಟಿಕೊಳ್ಳೋಕೆ ಬಳಸೋ ಮ್ಯಾಟ್ರಿಜೆಲ್ ಇಲಿಯ ಗೆಡ್ಡೆಯಿಂದ ಬರುತ್ತೆ. ಪ್ರಾಣಿ ಇಲ್ಲದ ಪರೀಕ್ಷೆ ಅನ್ನೋ ಬೋರ್ಡಿನ ಹಿಂದೆ ಇಷ್ಟು ಪ್ರಾಣಿ ಇವೆ.

ಪಿಪೆಟ್ ರಾಣಿ · 10:18
ನಿಜ. ಸೀರಮ್ ಇಲ್ಲದ ದ್ರವಗಳೂ ಬಂದಿವೆ. ಆದರೆ ಮಂಜ ಹೇಳಿದ್ದು ಸುಳ್ಳಲ್ಲ. ನಾನು ಮನೇಲಿ ಮೊಟ್ಟೆಯನ್ನೂ ಮುಟ್ಟೋದಿಲ್ಲ, ಲ್ಯಾಬಲ್ಲಿ ಈ ಬಾಟಲಿ ಹಿಡ್ಕೊಂಡು ಕೂತಿರ್ತೀನಿ.

ಹಳೇ ಮೇಷ್ಟ್ರು · 10:31
ನಾನು ಮೂವತ್ತು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಪಾಠ ಮಾಡಿದವನು. ಎಷ್ಟು ಕಪ್ಪೆ ಕೊಯ್ದಿದ್ದೇವೆ ಲೆಕ್ಕ ಇಲ್ಲ. ಮಳೆಗಾಲದಲ್ಲಿ ಅಟೆಂಡರು ಗೋಣಿಚೀಲದಲ್ಲಿ ತರುತ್ತಿದ್ದ. ಒಮ್ಮೆ ಚೀಲ ಬಿಚ್ಚಿಕೊಂಡು ಕಪ್ಪೆಗಳೆಲ್ಲ ಪ್ರಿನ್ಸಿಪಾಲರ ಕೋಣೆಗೆ ಹೋಗಿದ್ದವು. ಅದಿರಲಿ.

ಇಲಿಗೆ ಆಗೋದು ಮನುಷ್ಯನಿಗೆ ಆಗಬೇಕು ಅಂತೇನಿಲ್ಲ. ಅದಕ್ಕೆ ದೊಡ್ಡ ಉದಾಹರಣೆ 1993ರಲ್ಲಿ ನಡೆಯಿತು. ಫಿಯಾಲುರಿಡಿನ್ ಅಂತ ಹೆಪಟೈಟಿಸ್ ಬಿ ಔಷಧಿ. ಪ್ರಾಣಿಗಳ ಮೇಲೆ ನೋಡಿದಾಗ ಇಂಥ ಅಪಾಯ ಗೊತ್ತೇ ಆಗಲಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ 15 ರೋಗಿಗಳಿಗೆ ಕೊಟ್ಟರು. ವಾರಗಟ್ಟಲೆ ಏನೂ ಕಾಣಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಲಿವರ್ ಕೈಕೊಟ್ಟಿತು. ಐದು ಜನ ತೀರಿಕೊಂಡರು, ಇಬ್ಬರು ಲಿವರ್ ಕಸಿಯಿಂದ ಉಳಿದರು. ಮೈಟೊಕಾಂಡ್ರಿಯಾ ಅಂದರೆ ಕೋಶಕ್ಕೆ ಶಕ್ತಿ ಮಾಡಿಕೊಡೋ ಭಾಗ. ಮನುಷ್ಯರ ಮೈಟೊಕಾಂಡ್ರಿಯಾದೊಳಕ್ಕೆ ಆ ಔಷಧಿಯನ್ನ ಒಯ್ಯೋ ಒಂದು ಪ್ರೋಟೀನ್ ಇದೆ, ಇಲಿಯ ಮೈಟೊಕಾಂಡ್ರಿಯಾದಲ್ಲಿ ಅದು ಆ ಜಾಗದಲ್ಲಿ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಮನೆ ಒಂದೇ ಥರ ಕಂಡರೂ ಬಾಗಿಲು ಬೇರೆ ಕಡೆ ಇತ್ತು.

ಬೇಸರದ ಬಿಇ · 10:35
ಲಂಡನ್ ಕೇಸ್ ಇನ್ನೂ ಭಯಂಕರ. ಟಿಜಿಎನ್ 1412 ಅಂತ ಹೊಸ ಔಷಧಿ. 2006ರ ಮಾರ್ಚಲ್ಲಿ ನಾರ್ಥ್‌ವಿಕ್ ಪಾರ್ಕ್ ಆಸ್ಪತ್ರೆಯಲ್ಲಿ ಆರು ಜನ ಆರೋಗ್ಯವಂತ ಯುವಕರಿಗೆ ಕೊಟ್ಟರು. ಮಂಗಕ್ಕೆ ಏನೂ ಆಗದ ಪ್ರಮಾಣದ 500ನೇ ಒಂದು ಭಾಗ ಅಷ್ಟೇ. ಸ್ವಲ್ಪ ಹೊತ್ತಲ್ಲೇ ಆರೂ ಜನ ನರಳೋಕೆ ಶುರು ಮಾಡಿ ಐಸಿಯು ಸೇರಿದರು. ಪುಣ್ಯಕ್ಕೆ ಎಲ್ಲರೂ ಬದುಕಿದರು.

ರೇಷ್ಮೆ ನಗರಿ · 10:48
ಅಷ್ಟು ದೂರ ಯಾಕೆ? ನಾನು ರಾಮನಗರದವನು. ನಮ್ಮ ರಾಮದೇವರ ಬೆಟ್ಟದ ರಣಹದ್ದುಗಳನ್ನೇ ನೋಡಿ. ಡೈಕ್ಲೋಫೆನಾಕ್ ಮನುಷ್ಯರಿಗೆ ಮಾಮೂಲಿ ನೋವಿನ ಮಾತ್ರೆ. ದನಕ್ಕೂ ಕೊಡ್ತಿದ್ದರು. ಆ ದನ ಸತ್ತ ಮೇಲೆ ಅದರ ಮಾಂಸ ತಿಂದ ಹದ್ದುಗಳ ಕಿಡ್ನಿ ಹೋಯಿತು. ಉಪಖಂಡದಲ್ಲಿ ರಣಹದ್ದು ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ನಾಶ. 2006ರಲ್ಲಿ ದನಗಳಿಗೆ ಅದನ್ನ ಕೊಡೋದು ನಿಷೇಧ ಆಯಿತು. ಒಂದು ಜೀವಿಗೆ ಔಷಧಿ, ಇನ್ನೊಂದಕ್ಕೆ ವಿಷ. ಇಲಿ ನೋಡಿ ಮನುಷ್ಯನ ಬಗ್ಗೆ ಹೇಳೋದು ಅಂದರೆ ದನ ನೋಡಿ ಹದ್ದಿನ ಬಗ್ಗೆ ಹೇಳಿದ ಹಾಗೆ.

ಬಿಸಿಲೂರ ಬಸ್ಯಾ · 10:50
ರಾಮನಗರದಲ್ಲಿ ಈಗಲೂ ಹದ್ದು ಕಾಣ್ತವಾ?

ರೇಷ್ಮೆ ನಗರಿ · 10:53
ಬೆರಳೆಣಿಕೆ. 2012ರಲ್ಲಿ ರಣಹದ್ದು ಧಾಮ ಅಂತ ಘೋಷಣೆ ಆಗಿದೆ. ಬೆಳಗ್ಗೆ ಬಿಸಿಲು ಏರಿದ ಮೇಲೆ ಬನ್ನಿ, ಬಿಸಿಗಾಳಿ ಎದ್ದರೇನೇ ಅವು ಹಾರೋದು. ಬೈನಾಕ್ಯುಲರ್ ತನ್ನಿ.

ಲೆಕ್ಕ ಕೇಳುವವಳು · 11:10
ಹದ್ದು ಆಮೇಲೆ. ಚಿಪ್ ಇಲಿಗಿಂತ ವಾಸಿ ಅನ್ನೋಕೆ ಪುರಾವೆ ಏನಿದೆ? ಯಾರಾದರೂ ಅಂಕಿ ಕೊಡ್ತೀರಾ?

ಎಂ.ಫಾರ್ಮ ಮಂಜ · 11:22
ಕೊಡ್ತೀನಿ. 2022ರಲ್ಲಿ ಎಮ್ಯುಲೇಟ್ ಕಂಪನಿ ಒಂದು ಅಧ್ಯಯನ ಪ್ರಕಟಿಸಿತು. 870 ಲಿವರ್ ಚಿಪ್, 27 ಔಷಧಿ. ಯಾವುದು ಲಿವರಿಗೆ ಕೆಟ್ಟದ್ದು, ಯಾವುದು ಅಲ್ಲ ಅಂತ ಮೊದಲೇ ಗೊತ್ತಿದ್ದ ಔಷಧಿಗಳು. ವಿಷದ ಔಷಧಿಗಳಲ್ಲಿ ನೂರಕ್ಕೆ 87ರಷ್ಟನ್ನ ಚಿಪ್ ಹಿಡಿಯಿತು. ವಿಷವಲ್ಲದ್ದನ್ನ ಒಂದನ್ನೂ ವಿಷ ಅನ್ನಲಿಲ್ಲ. ಪ್ರಾಣಿ ಪರೀಕ್ಷೆ ದಾಟಿ ಬಂದು ಮನುಷ್ಯರಿಗೆ ತೊಂದರೆ ಕೊಟ್ಟ ಔಷಧಿಗಳು ಅದರಲ್ಲಿದ್ದವು ಅನ್ನೋದು ಮುಖ್ಯ.

ಲೆಕ್ಕ ಕೇಳುವವಳು · 11:29
ಎಮ್ಯುಲೇಟ್ ಅಂದರೆ ಚಿಪ್ ಮಾರೋ ಕಂಪನಿಯೇ ಅಲ್ವಾ? ಹೆತ್ತವರಿಗೆ ಹೆಗ್ಗಣ ಮುದ್ದು. 27 ಔಷಧಿ ಅಂದರೆ ಸಣ್ಣ ಸಂಖ್ಯೆ, ಅದರಲ್ಲೂ ವಿಷವಲ್ಲದ್ದು ಕೆಲವೇ ಕೆಲವು. ಅಷ್ಟರಿಂದ "ಒಂದೂ ತಪ್ಪಿಲ್ಲ" ಅನ್ನೋದು ನಾಲ್ಕು ಬಾಲ್ ಆಡಿ ಔಟಾಗಿಲ್ಲ ಅಂದ ಹಾಗೆ.

ಎಂ.ಫಾರ್ಮ ಮಂಜ · 11:31
ಆ ನಾಲ್ಕು ಬಾಲನ್ನೂ ಇಲಿ ಆಡಿರಲಿಲ್ಲ ಮೇಡಂ.

ಲೆಕ್ಕ ಕೇಳುವವಳು · 11:33
ಹಾಗಾದರೆ ಬೇರೆ ಬೇರೆ ಊರಿನ ಲ್ಯಾಬಲ್ಲಿ, ಬೇರೆಯವರ ಕೈಯಲ್ಲಿ ಅದೇ ಉತ್ತರ ಬರಲಿ. ನಂಬ್ತೀನಿ. ರಾಣಿಯವರ ಗಾಳಿಗುಳ್ಳೆ ಕಥೆ ಕೇಳಿದ ಮೇಲಂತೂ ನನಗೆ ಅನುಮಾನ ಜಾಸ್ತಿ ಆಗಿದೆ.

ಬೇಸರದ ಬಿಇ · 11:36
ಗುಳ್ಳೆ ಒಂದೇ ಅಲ್ಲ. ಆ ಸಿಲಿಕೋನ್ ರಬ್ಬರ್ ಎಣ್ಣೆ ಗುಣದ ಔಷಧಿಗಳನ್ನ ತಾನೇ ಹೀರಿಕೊಳ್ಳುತ್ತೆ. ನೀವು ಕೊಟ್ಟದ್ದು ಇಷ್ಟು ಅಂದುಕೊಂಡಿರ್ತೀರಿ, ಕೋಶಕ್ಕೆ ಸಿಕ್ಕಿದ್ದು ಅದಕ್ಕಿಂತ ಕಡಿಮೆ. ಉಪ್ಪಿನಕಾಯಿ ಡಬ್ಬಿ ಎಷ್ಟು ತೊಳೆದರೂ ವಾಸನೆ ಹೋಗಲ್ವಲ್ಲ, ಹಾಗೆ. ಬೇರೆ ಪ್ಲಾಸ್ಟಿಕ್ ಬಳಸೋ ಚಿಪ್ ಬರ್ತಿವೆ.

ಡಾಕ್ಟರಮ್ಮ · ಭಾನುವಾರ ಬೆಳಗ್ಗೆ 6:50
ರಾತ್ರಿ ಡ್ಯೂಟಿ ಮುಗಿಸಿ ಈಗ ಓದಿದೆ. ಹರಿಹರದವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಹದ್ದು ನೋಡೋಕೆ ಹೋದಿರಿ.

ಟೀಬಿ ಮಾತ್ರೆಗಳಲ್ಲಿ ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಈ ಮೂರೂ ಲಿವರಿಗೆ ತೊಂದರೆ ಕೊಡಬಲ್ಲವು. ನಾಲ್ಕನೆಯದು ಎಥಾಂಬ್ಯುಟಾಲ್, ಅದರ ಕಾಟ ಕಣ್ಣಿಗೆ. ಎಲ್ಲರಿಗೂ ಆಗೋದಿಲ್ಲ, ಕೆಲವರಿಗೆ ಆಗುತ್ತೆ. ಐಸೋನಿಯಾಜಿಡ್ ವಿಷಯದಲ್ಲಿ ನ್ಯಾಟ್-2 ಅನ್ನೋ ಜೀನ್ ಕೈವಾಡ ಇದೆ. ಕೆಲವರ ಲಿವರ್ ಆ ಔಷಧಿಯನ್ನ ಬೇಗ ಕರಗಿಸುತ್ತೆ, ಕೆಲವರದ್ದು ನಿಧಾನ. ನಿಧಾನದವರಿಗೆ ಅಪಾಯ ಜಾಸ್ತಿ. ವಯಸ್ಸು, ಕುಡಿತ, ಮೊದಲೇ ಇರೋ ಹೆಪಟೈಟಿಸ್, ಇವೂ ಸೇರಿಕೊಳ್ಳುತ್ತವೆ.

ಅಪ್ಪನ ಲಿವರ್ ಚಿಪ್ ಮಾಡಬೇಕು ಅಂದರೆ ಅವರ ಲಿವರ್‌ನಿಂದ ಚೂರು ತೆಗೀಬೇಕು. ಟೀಬಿ ರೋಗಿಗೆ ಅದಕ್ಕಾಗಿ ಸೂಜಿ ಹಾಕೋಕೆ ನಾನಂತೂ ಒಪ್ಪೋದಿಲ್ಲ. ಇನ್ನೊಂದು ದಾರಿ, ರಕ್ತದ ಕೋಶವನ್ನ ಹಿಂದಕ್ಕೆ ತಿರುಗಿಸಿ ಕಾಂಡಕೋಶ (ಬೇರೆ ಥರದ ಕೋಶವಾಗಿ ಬೆಳೆಯಬಲ್ಲ ಮೂಲಕೋಶ) ಮಾಡಿ, ಅದರಿಂದ ಲಿವರ್ ಕೋಶ ಮಾಡೋದು. ಜಪಾನಿನ ಶಿನ್ಯಾ ಯಮನಾಕಾ 2006ರಲ್ಲಿ ಇಲಿ ಕೋಶದಲ್ಲಿ ತೋರಿಸಿದ ವಿದ್ಯೆ, 2012ರಲ್ಲಿ ನೊಬೆಲ್ ಬಂತು. ಆದರೆ ತಿಂಗಳುಗಟ್ಟಲೆ ಹಿಡಿಯುತ್ತೆ. ಟೀಬಿ ಅಲ್ಲಿವರೆಗೆ ಕಾಯುತ್ತಾ? ಹಾಗೆ ಹುಟ್ಟಿದ ಲಿವರ್ ಕೋಶ ಪೂರ್ತಿ ಬಲಿತಿರೋದಿಲ್ಲ, ಬಸುರಿಯ ಹೊಟ್ಟೆಯ ಮಗುವಿನ ಲಿವರ್ ಥರ ನಡ್ಕೊಳ್ಳುತ್ತೆ. 60 ವರ್ಷದ ಅಪ್ಪನ ಬಗ್ಗೆ ಅದೇನು ಹೇಳೀತು?

ಇನ್ನೊಂದು ಮಾತು. ಇಂಥ ಎಷ್ಟೋ ತೊಂದರೆಗಳಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ತಿರುಗಿಬೀಳುತ್ತೆ. ಚಿಪ್ಪಿನಲ್ಲಿ ಆ ಪೂರ್ತಿ ಪಡೆ ಇಲ್ಲ.

ಸದ್ಯಕ್ಕೆ ಉತ್ತರ ಸಣ್ಣದು: ಆಗ್ತಿರಲಿಲ್ಲ. ನಿಮ್ಮ ಡಾಕ್ಟರು ಮಾಡಿದ್ದೇ ಸರಿಯಾದ ಕ್ರಮ. ಊಟ ಸೇರ್ತಿಲ್ಲ, ವಾಂತಿ ಅಂದ ದಿನವೇ ಲಿವರ್ ಪರೀಕ್ಷೆ ಮಾಡಿಸಿದ್ದರೆ ಕಣ್ಣು ಹಳದಿ ಆಗೋವರೆಗೂ ಹೋಗ್ತಿರಲಿಲ್ಲವೇನೋ. ಇದನ್ನ ಓದಿ ಯಾರೂ ತಾವಾಗೇ ಟೀಬಿ ಮಾತ್ರೆ ನಿಲ್ಲಿಸಬೇಡಿ. ನೆಲನೆಲ್ಲಿ ಹುಡುಕೋದನ್ನೂ ನಿಲ್ಲಿಸಿ.

ಅಡಿಕೆ ತೋಟ · 7:15
ನೆಲನೆಲ್ಲಿ ಬಗ್ಗೆ ಹಾಗೆ ಅನ್ನಬೇಡಿ. ನಮ್ಮಜ್ಜ ಕಾಮಾಲೆಗೆ ಕೊಡುತ್ತಿದ್ದರು, ಎಷ್ಟೋ ಜನ ಹುಷಾರಾಗಿದ್ದಾರೆ.

ಡಾಕ್ಟರಮ್ಮ · 7:18
ಹೆಪಟೈಟಿಸ್ ಎ ಕಾಮಾಲೆ ಹೆಚ್ಚಿನವರಲ್ಲಿ ತಾನಾಗೇ ವಾಸಿಯಾಗುತ್ತೆ. ಅಜ್ಜನಿಗೆ ಹೆಸರು ಬಂತು. ಮಾತ್ರೆಯಿಂದ ಬಂದ ಕಾಮಾಲೆಗೆ ಮೊದಲು ಆ ಮಾತ್ರೆ ನಿಲ್ಲಬೇಕು, ಅದೂ ಡಾಕ್ಟರ್ ಹೇಳಿ.

ಕಾಲುವೆ ದಂಡೆ · 12:05
ನಾನು ನೆದರ್‌ಲ್ಯಾಂಡ್ಸಲ್ಲಿ ಇರೋದು, ಊರು ಶಿರಸಿ. ಡಾಕ್ಟರಮ್ಮ ಹೇಳಿದ್ದು ಲಿವರ್ ಮಟ್ಟಿಗೆ ಸರಿ. ಆದರೆ ಒಬ್ಬೊಬ್ಬ ರೋಗಿಯದೇ ಮಾದರಿ ಮಾಡಿ ಔಷಧಿ ಆರಿಸೋದು ಬರೀ ಕನಸಲ್ಲ. ಇಲ್ಲಿ ಯೂಟ್ರೆಕ್ಟಲ್ಲಿ ಹಾನ್ಸ್ ಕ್ಲೆವರ್ಸ್ ತಂಡ 2009ರಲ್ಲಿ ಕರುಳಿನ ಕಾಂಡಕೋಶದಿಂದ ಪುಟ್ಟ ಕರುಳಿನ ಉಂಡೆ ಬೆಳೆಸಿತು. ಇದಕ್ಕೆ ಆರ್ಗನಾಯ್ಡ್ ಅಂತಾರೆ. ಇದು ಚಿಪ್ ಅಲ್ಲ. ಕಾಲುವೆ, ಹರಿವು ಇಲ್ಲ, ಜೆಲ್ ಒಳಗೆ ತಾನೇ ಬೆಳೆಯೋ ಉಂಡೆ.

ಸಿಸ್ಟಿಕ್ ಫೈಬ್ರೋಸಿಸ್ ಅಂತ ಒಂದು ಕಾಯಿಲೆ. ಅದರಲ್ಲಿ ಕೋಶದ ಗೋಡೆಯಲ್ಲಿರೋ ಉಪ್ಪಿನ ಬಾಗಿಲು ಕೆಟ್ಟಿರುತ್ತೆ. ರೋಗಿಯ ಗುದನಾಳದಿಂದ ಚೂರು ತೆಗೆದು ಉಂಡೆ ಬೆಳೆಸಿ, ಅದಕ್ಕೆ ಔಷಧಿ ಹಾಕುತ್ತಾರೆ. ಔಷಧಿ ಕೆಲಸ ಮಾಡಿದರೆ ಬಾಗಿಲು ತೆರೆದು, ನೀರು ಒಳಗೆ ಹೋಗಿ ಉಂಡೆ ಊದುತ್ತೆ. ಇಲ್ಲದಿದ್ದರೆ ಸುಮ್ನೆ ಇರುತ್ತೆ. ವಿಡಿಯೋ ನೋಡಿದೆ, ಎಣ್ಣೆಗೆ ಬಿಟ್ಟ ಪೂರಿ ಊದಿದ ಹಾಗೆ. ಅಪರೂಪದ ಜೀನ್ ದೋಷ ಇರೋರಿಗೆ ಹೀಗೇ ನೋಡಿ ಔಷಧಿ ಕೊಟ್ಟಿದ್ದಾರೆ.

ಹಳೇ ಮೇಷ್ಟ್ರು · 12:20
ಬೆಂಗಳೂರನ್ನು ಮರೀಬೇಡಿ. 2015ರಲ್ಲೇ ಪ್ಯಾಂಡೋರಮ್ ಅನ್ನೋ ಸಂಸ್ಥೆ ಇಲ್ಲೇ ಲಿವರ್ ಅಂಗಾಂಶವನ್ನ ಪ್ರಿಂಟ್ ಮಾಡಿ ತೋರಿಸಿತ್ತು. ಪೇಪರಲ್ಲಿ ಓದಿ ಕತ್ತರಿಸಿ ಇಟ್ಟಿದ್ದೆ.

ಕರುಣೆ ಇರಲಿ · 12:41
ಒಂದು ಪ್ರಶ್ನೆ ಉಳಿಯಿತು. ಆ 19 ವರ್ಷದ ಹುಡುಗನ ಮನೆಯವರಿಗೆ ಗೊತ್ತಾ, ಅವನ ಕೋಶ ಎಲ್ಲೆಲ್ಲಿ ಹೋಗಿದೆ ಅಂತ? 1951ರಲ್ಲಿ ಅಮೆರಿಕದ ಹೆನ್ರಿಯೆಟಾ ಲ್ಯಾಕ್ಸ್ ಅನ್ನೋ ತಾಯಿಯ ಕ್ಯಾನ್ಸರ್ ಕೋಶ ತೆಗೆದು ಇಡೀ ಜಗತ್ತಿನ ಲ್ಯಾಬಿಗೆ ಹಂಚಿದರು. ಆಕೆಯನ್ನ ಒಂದು ಮಾತೂ ಕೇಳಿರಲಿಲ್ಲ. ಮನೆಯವರಿಗೆ ವರ್ಷಗಟ್ಟಲೆ ಸುಳಿವೇ ಇರಲಿಲ್ಲ.

ಪಿಪೆಟ್ ರಾಣಿ · 1:05
ಒಪ್ಪಿಗೆಗೆ ಸಹಿ ಇರುತ್ತೆ. ಆದರೆ ಆ ಕೋಶ ಯಾವ ಊರಿಗೆ ಹೋಯಿತು, ಯಾವ ಔಷಧಿ ಅದರ ಮೇಲೆ ಹಾಕಿದರು ಅನ್ನೋದು ಮನೆಯವರಿಗೆ ತಲುಪೋದಿಲ್ಲ. ನಮಗೂ ಅವರು ಯಾರು ಅಂತ ಗೊತ್ತಿಲ್ಲ. ನನಗೆ ಇದು ಸರಿ ಅನ್ನಿಸಿಲ್ಲ, ಆದರೆ ಹೆಸರು ಗುಟ್ಟಾಗಿ ಇಡೋಕೆ ಬೇರೆ ದಾರಿಯೂ ಕಾಣ್ತಿಲ್ಲ. ಆ ಲಾಟ್ ಮುಗಿದು ಬಹಳ ದಿನ ಆಯಿತು. ಕಾಗದ ನನ್ನ ಡ್ರಾಯರಲ್ಲೇ ಇದೆ.

ಇನ್ನೂ ಒಂದು. ಈ ಲಾಟ್‌ಗಳು ಹೆಚ್ಚಾಗಿ ಹೊರದೇಶದವು. ನಮ್ಮ ಜನರ ಲಿವರ್ ಅದರಲ್ಲಿ ಇಲ್ಲ ಅಂತಲೇ ಇಟ್ಟುಕೊಳ್ಳಿ. ಡಾಕ್ಟರಮ್ಮ ನ್ಯಾಟ್-2 ಅಂದರಲ್ಲ, ನಿಧಾನದ ಲಿವರ್, ಬೇಗದ ಲಿವರ್ ಇರೋ ಪ್ರಮಾಣ ಜನಾಂಗದಿಂದ ಜನಾಂಗಕ್ಕೆ ಬೇರೆ. ಹರಿಹರದವರ ಅಪ್ಪನ ಬಗ್ಗೆ ಆ ಚಿಪ್ ಎಷ್ಟು ಹೇಳುತ್ತೆ ಅಂತ ನೀವೇ ನೋಡಿ.

ಲೆಕ್ಕ ಕೇಳುವವಳು · 1:09
ಇಷ್ಟು ಹೊತ್ತಿಗೆ ಒಂದು ಕೆಲಸದ ಮಾತು ಬಂತು. ಇಲಿ ಬದಲು ಮನುಷ್ಯ ಅಂತ ಕುಣಿಯೋ ಮೊದಲು ಯಾವ ಮನುಷ್ಯ ಅಂತ ಕೇಳಬೇಕು. ಅಜ್ಜಿ ಅದನ್ನೇ ಕೇಳಿದ್ದು.

ಬಿಸಿಲೂರ ಬಸ್ಯಾ · 1:15
ಮೆದುಳಿನ ಚಿಪ್ ಬಂದರೆ ಹೇಳಿ. ನಮ್ಮ ಸೂಪರ್‌ವೈಸರಿಗೆ ಒಂದು ಬೇಕು.

ಅಡ್ಮಿನ್ · 1:20
ರಾಮನಗರ ಹದ್ದು ನೋಡೋ ಪ್ಲಾನ್ ಬೇರೆ ಎಳೆಯಲ್ಲಿ ಮಾಡಿ. ಇನ್‌ಬಾಕ್ಸಿಗೆ ಆಗಲೇ ಹನ್ನೊಂದು ಜನ ಬಂದಿದ್ದಾರೆ.

ಹರಿಹರದ ಹುಡುಗ · ಸಂಜೆ 6:30
ಎಲ್ಲರಿಗೂ ಥ್ಯಾಂಕ್ಸ್. ಊಟಕ್ಕೆ ಕೂತಾಗ ಇದನ್ನ ಅಜ್ಜಿಗೆ, ಅಪ್ಪನಿಗೆ ಓದಿ ಹೇಳಿದೆ. 19 ವರ್ಷದ ಹುಡುಗ ಅಂದಾಗ ಅಜ್ಜಿ ರೊಟ್ಟಿ ಮುರಿಯೋದು ನಿಲ್ಲಿಸಿದರು. "ಆ ತಾಯಿಗೆ ಯಾರಾದರೂ ಹೇಳಬೇಕಿತ್ತು" ಅಂದರು. ಅಪ್ಪ ಮಾತ್ರ ಬೇರೆ ಕೇಳಿದರು: ತಾವು ಸತ್ತ ಮೇಲೆ ತಮ್ಮ ಲಿವರ್ ಕೊಟ್ಟರೆ ತಗೋತಾರಾ? ಒಮ್ಮೆ ಕೆಟ್ಟದ್ದು ಅಂತ ಬೇಡ ಅಂತಾರಾ?

ಪಿಪೆಟ್ ರಾಣಿ · 6:42
ಟೀಬಿ ಆಗಿತ್ತಲ್ಲ, ಸೋಂಕಿನ ವಿಷಯದಲ್ಲಿ ತುಂಬ ಕಟ್ಟುನಿಟ್ಟು. ಬೇಡ ಅಂದರೂ ಅಂದಾರು. ಆದರೆ ನನ್ನ ಕೇಳಿದರೆ, ಆ ಟೀಬಿ ಮಾತ್ರೆಗಳಿಗೆ ಹೀಗೆ ಕೈಕೊಟ್ಟ ಲಿವರ್ ಎಲ್ಲೂ ಸಿಗೋದಿಲ್ಲ, ಅದೇ ನಮಗೆ ಬೇಕಾದದ್ದು. ಅಪ್ಪನಿಗೆ ಹೇಳಿ, ಅವಸರ ಏನಿಲ್ಲ ಅಂತ. ನಾನೀಗ ಲ್ಯಾಬಿಗೆ ಹೊರಟೆ. ಭಾನುವಾರ ಆದರೂ ದ್ರವ ಬದಲಿಸಲೇಬೇಕು.